ಡ್ಯಾಶ್‌ಬೋರ್ಡ್ ಹಿಂದಿನ ಗಾಳಿಗಾರ

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆ ದಾಟುವವರು ಕಾರಿನ ಗಾಜು ಏರಿಸಿಕೊಳ್ಳುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕ (ಜಿ.ಐ.) ಮಾನ್ಯತೆ ಪಡೆದ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆದರೂ ಘಾಟು ಘಾಟೇ. ಆಗ ಒಳಗಿನ ಗಾಳಿಯನ್ನೇ ತಿರುಗಿಸಿ ನಮ್ಮ ಉಸಿರು ಕಾಯುವುದು ಬ್ಲೋವರ್ ಮೋಟರ್. ಎ.ಸಿ.ಯ ತಂಪಾಗಲಿ, ಹೀಟರಿನ ಬಿಸಿಯಾಗಲಿ, ನಮ್ಮವರೆಗೆ ತಲುಪಿಸುವುದು ಇದೊಂದೇ.

ಎಷ್ಟೋ ಕಾರುಗಳಲ್ಲಿ ಇದನ್ನು ಮನೆಯಂಗಳದಲ್ಲೇ ಬದಲಿಸಬಹುದು. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಡ್ಯಾಶ್‌ಬೋರ್ಡಿನ ಎಡಗಡೆಯ ಡಬ್ಬಿ ಕಳಚಿದರೆ ಅದರ ಹಿಂದೆ ಕೆಲವೇ ಸ್ಕ್ರೂ, ಒಂದು ಕಪ್ಲರ್. ಮೋಟರು ಫ್ಯಾನ್ ಸಮೇತ ಕೈಗಿಳಿಯುತ್ತದೆ. ಆ ಫ್ಯಾನನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಪಂಜರದಂತೆ ಸುತ್ತಲೂ ನಿಂತ ತೆಳ್ಳನೆಯ ಅಲಗುಗಳು. ಒಂದೆರಡರ ಅಂಚಿಗೆ ಪುಟ್ಟ ತಗಡಿನ ಕ್ಲಿಪ್ಪು ಸಿಕ್ಕಿಸಿರಬಹುದು. ತಿರುಗುವಾಗ ಅದುರದಂತೆ ತೂಕ ಸಮ ಮಾಡಿದ ಗುರುತು ಅದು. ಧೂಳು ಒರೆಸುವಾಗ ಅದನ್ನು ಕೀಳಬಾರದು.

ನನಗೆ ಇನ್ನೂ ಹಿಡಿಸುವುದು ಪಕ್ಕದ ರೆಸಿಸ್ಟರ್. ವೇಗ ತಗ್ಗಿಸುವಾಗ ಅದು ಕಾಯುತ್ತದೆ. ಅದಕ್ಕೇ ಗಾಳಿಯ ದಾರಿಯಲ್ಲೇ ಕೂರಿಸಿದ್ದಾರೆ. ಮೋಟರು ನಮಗೆ ಗಾಳಿ ಬೀಸುತ್ತ ಅದನ್ನೂ ತಣಿಸುತ್ತದೆ. ಎಂಥ ಅಚ್ಚುಕಟ್ಟು! ಕೊನೆಯ ವೇಗದಲ್ಲಿ ಮಾತ್ರ ಗಾಳಿ ಬಂದರೆ ಹೆಚ್ಚಾಗಿ ಸುಟ್ಟಿರುವುದು ರೆಸಿಸ್ಟರೇ. ಹೊಸ ಮೋಟರಿಗಾಗಿ ರಾಣೇಬೆನ್ನೂರು, ಹಾವೇರಿ ಅಂಗಡಿಗಳಿಗೆ ಓಡುವ ಮೊದಲು ಇದನ್ನು ನೋಡಿ. ಮೋಟರು ಕಿರುಗುಟ್ಟುತ್ತಿದ್ದರೆ ಅದರ ಬೇರಿಂಗ್ ಅಥವಾ ಬುಷ್ ಸವೆದಿರಬಹುದು.

ಹೊಸದನ್ನು ಕೂರಿಸಿದ ಮೇಲೆ ಡಬ್ಬಿ ಹಾಕುವ ಮುಂಚೆ ಬ್ಯಾಟರಿ ಜೋಡಿಸಿ, ಒಂದೊಂದೇ ವೇಗದಲ್ಲಿ ಓಡಿಸಿ, ಕಿವಿಗೊಟ್ಟು ಕೇಳಿ.