ತಾಳದಾಟಗಳ ಮೊದಲ ಪಾಠ: ಒಂದು ವಿಮರ್ಶೆ

೧

ಯಾವ ಕಲೆಯಲ್ಲಿಯೇ ಆಗಲಿ, ಮೊದಲ ಪಾಠಕ್ಕೆ ಇರುವ ಮಹತ್ವವು ಉಳಿದ ಪಾಠಗಳಿಗೆ ಇಲ್ಲ. ಶಿಷ್ಯನು ಮುಂದೆ ಎಷ್ಟು ದೂರ ನಡೆದರೂ ಅವನ ಕೈಯ ಹದ, ಕಿವಿಯ ಎಚ್ಚರ, ತನ್ನ ತಪ್ಪನ್ನು ತಾನೇ ಅರಿಯುವ ಶಕ್ತಿ ಇವೆಲ್ಲವೂ ಮೊದಲ ಕೆಲವು ದಿನಗಳಲ್ಲಿ ಹಾಕಿದ ತಳಹದಿಯ ಮೇಲೆಯೇ ನಿಲ್ಲುತ್ತವೆ. ಕರ್ಣಾಟಕ ಸಂಗೀತದ ಸರಳೆ, ಜಂಟಿ, ಅಲಂಕಾರಗಳನ್ನು ಕುರಿತು ಈ ಮಾತನ್ನು ಹೇಳಿದರೆ ಯಾರೂ ಆಕ್ಷೇಪಿಸಲಾರರು. ಆದರೆ ತಾಳವೆಂಬ ವಸ್ತುವನ್ನು ಇಂದಿನ ಎಷ್ಟೋ ಮಕ್ಕಳು ಮೊದಲು ಕಾಣುವುದು ಗುರುವಿನ ಮುಂದಣ ಚಾಪೆಯ ಮೇಲಲ್ಲ, ವಿಡಿಯೋ ಆಟದ ತೆರೆಯ ಮೇಲೆ. ಹಾಡಿನ ಗತಿಗೆ ಸರಿಯಾಗಿ ಗುಂಡಿಯನ್ನು ಒತ್ತಬೇಕಾದ, ಡೋಲನ್ನು ಬಡಿಯಬೇಕಾದ, ಕಾಲಿಂದ ನೆಲವನ್ನು ಮೆಟ್ಟಬೇಕಾದ ಈ ಬಗೆಯ ಆಟಗಳನ್ನು ಇಲ್ಲಿ ‘ತಾಳದಾಟ’ಗಳೆಂದು ಕರೆಯಲಾಗಿದೆ.

ವಾಶಿ, ನೆರೂಳ, ಬೇಲಾಪುರಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳ ಪಾಲಿಗೆ ಈ ವಿಚಾರವು ಕೇವಲ ಕುತೂಹಲದ್ದಲ್ಲ. ಒಂದೇ ಮನೆಯಲ್ಲಿ, ಒಂದೇ ಸಂಜೆಯಲ್ಲಿ, ಒಂದೇ ಮಗುವಿನ ಕೈ ತೊಡೆಯ ಮೇಲೆ ಆದಿತಾಳವನ್ನೂ ಹಾಕುತ್ತದೆ, ಆಟದ ಗುಂಡಿಯನ್ನೂ ಒತ್ತುತ್ತದೆ. ಎರಡು ಗುರುಗಳ ಕೈಯಲ್ಲಿ ಬೆಳೆಯುವ ಈ ಒಂದು ಕೈ ಯಾರಿಂದ ಏನನ್ನು ಕಲಿಯುತ್ತಿದೆಯೆಂಬ ಪ್ರಶ್ನೆ ವಿಚಾರಾರ್ಹವಾದುದು. ಆಟವೆಂದ ಮಾತ್ರಕ್ಕೆ ಅದನ್ನು ಹಳಿಯುವುದಾಗಲಿ, ಹೊಸದೆಂದ ಮಾತ್ರಕ್ಕೆ ಹೊಗಳುವುದಾಗಲಿ ವಿಮರ್ಶೆಯಾಗಲಾರದು. ತಾಳದಾಟಗಳು ತಮ್ಮ ಮೊದಲ ಪಾಠವನ್ನು ಹೇಗೆ ಕಟ್ಟಿವೆ, ಆ ಪಾಠ ಏನನ್ನು ಕಲಿಸುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನು ಪರಿಶೀಲಿಸುವುದಷ್ಟೇ ಪ್ರಕೃತ ಲೇಖನದ ಉದ್ದೇಶ.

೨

ಅಳೆಯುವುದಕ್ಕೆ ಒಂದು ಅಳತೆಗೋಲು ಬೇಕು. ಅದು ಕನ್ನಡಿಗರಿಗೆ ಮನೆಯಲ್ಲಿಯೇ ಇದೆ. ಸಂಗೀತದ ಆರಂಭದ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಗೊಳಿಸಿದ ಕೀರ್ತಿಯನ್ನು ಸಂಪ್ರದಾಯವು ಪುರಂದರದಾಸರಿಗೆ ಸಲ್ಲಿಸುತ್ತದೆ. ಈ ಕ್ರಮದಲ್ಲಿ ಗಮನಿಸತಕ್ಕ ಅಂಶವೆಂದರೆ, ತಾಳವನ್ನು ಕುರಿತು ಶಿಷ್ಯನಿಗೆ ಮೊದಲು ಯಾವ ಉಪನ್ಯಾಸವೂ ನಡೆಯುವುದಿಲ್ಲ. ಬಾಯಿ ಸ್ವರವನ್ನು ಹಿಡಿದ ಕ್ಷಣವೇ ಕೈಯೂ ತಾಳವನ್ನು ಹಿಡಿಯುತ್ತದೆ. ಆದಿತಾಳದ ಎಂಟು ಅಕ್ಷರಗಳು ಒಂದು ಲಘು ಮತ್ತು ಎರಡು ದ್ರುತಗಳಾಗಿ ಹಂಚಿಹೋಗುತ್ತವೆ: ಒಂದು ಘಾತ, ಮೂರು ಬೆರಳೆಣಿಕೆ, ಬಳಿಕ ಎರಡು ಸಲ ಒಂದು ಘಾತ, ಒಂದು ವಿಸರ್ಜಿತ. ಈ ಕ್ರಿಯೆಗಳಲ್ಲಿ ಘಾತವು ಸಶಬ್ದ. ಬೆರಳೆಣಿಕೆಯೂ ಬೀಸುವ ಕೈಯೂ ನಿಶ್ಶಬ್ದ. ಎಂದರೆ ಎಂಟು ಅಕ್ಷರಗಳಲ್ಲಿ ಸದ್ದು ಹೊರಡುವುದು ಮೂರರಲ್ಲಿ ಮಾತ್ರ. ಉಳಿದ ಐದನ್ನು ಶಿಷ್ಯನು ಮೌನವಾಗಿ, ಆದರೆ ಕೈಯಾರೆ, ದಾಟಬೇಕು.

ಇದರಲ್ಲಿ ಒಂದು ದೊಡ್ಡ ತತ್ತ್ವ ಅಡಗಿದೆ. ತಾಳವೆಂದರೆ ಪೆಟ್ಟುಗಳ ಸಾಲಲ್ಲ, ಪೆಟ್ಟುಗಳ ನಡುವಣ ಕಾಲದ ಅಳತೆ. ಆ ಅಳತೆಯು ಶಿಷ್ಯನ ದೇಹದಲ್ಲಿ ನೆಲೆಗೊಳ್ಳಬೇಕಾದರೆ ನಡುವಣ ಖಾಲಿಯೂ ಒಂದು ಕೆಲಸವಾಗಿ ಅವನಿಗೆ ತೋರಬೇಕು. ಧ್ರುವದ ಹದಿನಾಲ್ಕು ಅಕ್ಷರಗಳಿಂದ ಏಕದ ನಾಲ್ಕು ಅಕ್ಷರಗಳವರೆಗೆ ಏಳು ತಾಳಗಳ ಅಲಂಕಾರಗಳನ್ನು ಮೂರು ಕಾಲಗಳಲ್ಲಿ ಹಾಡಿಸುವ ಉದ್ದೇಶವೂ ಇದೇ. ಕಾಲ ಇಮ್ಮಡಿಸಿದಾಗ ಬಾಯಿ ಓಡುತ್ತದೆ, ಕೈ ಮಾತ್ರ ಮೊದಲಿನಂತೆಯೇ ನಡೆಯುತ್ತದೆ. ಕರಾವಳಿಯ ಯಕ್ಷಗಾನದಲ್ಲಿಯೂ ಬಾಲಕನು ಗೆಜ್ಜೆ ಕಟ್ಟುವ ಮೊದಲು ಬಾಯಿತಾಳವನ್ನು ಕಲಿಯುತ್ತಾನೆ. ಹೆಜ್ಜೆಯು ನಾಲಗೆಯಲ್ಲಿ ಹುಟ್ಟಿ ಬಳಿಕ ಕಾಲಿಗೆ ಇಳಿಯುತ್ತದೆ.

ಆದಕಾರಣ ಮೊದಲ ಪಾಠವೊಂದನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು. ಏನು ಮಾಡಬೇಕೆಂಬುದನ್ನು ಅದು ಕಲಿಸುತ್ತದೆಯೆ? ಎಂದು ಮಾಡಬೇಕೆಂಬುದನ್ನು ಕಲಿಸುತ್ತದೆಯೆ? ಮಾಡದೆ ಇರುವ ಹೊತ್ತಿನಲ್ಲಿ ಕಾಲವನ್ನು ತಾನೇ ಹೊರುವುದನ್ನು ಕಲಿಸುತ್ತದೆಯೆ? ಮೊದಲನೆಯದು ಕ್ರಿಯೆ, ಎರಡನೆಯದು ಕಾಲ, ಮೂರನೆಯದು ಲಯ.

೩

೧೯೯೬ರಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರಬಂದ ‘ಪರಾಪ್ಪ ದ ರ್ಯಾಪರ್’ ಈ ವರ್ಗದ ಆಟಗಳಿಗೆ ಹಾದಿ ತೋರಿದ ಕೃತಿ. ಸಂಗೀತಗಾರನಾದ ಮಸಾಯಾ ಮಾತ್ಸೂರಾ ಇದರ ಕರ್ತೃ. ಇದರ ಮೊದಲ ಘಟ್ಟದಲ್ಲಿ ಈರುಳ್ಳಿಯ ತಲೆಯುಳ್ಳ ಒಬ್ಬ ಮಲ್ಲವಿದ್ಯೆಯ ಗುರು ಕಾಣಿಸಿಕೊಳ್ಳುತ್ತಾನೆ. ಒದೆಯುವುದು, ಗುದ್ದುವುದು, ಬಗ್ಗುವುದು, ಹಾರುವುದು ಇವನ್ನು ಅವನು ಹಾಡಿನ ಸಾಲಾಗಿ ಹೇಳುತ್ತಾನೆ. ಶಿಷ್ಯನಾದ ನಾಯಿಮರಿಯು ಅದೇ ಸಾಲನ್ನು ಅದೇ ಗತಿಯಲ್ಲಿ ತಿರುಗಿ ಹೇಳಬೇಕು. ಒಂದೊಂದು ಪದಕ್ಕೆ ಒಂದೊಂದು ಗುಂಡಿ. ಪಾಠವೇ ಹಾಡು, ಹಾಡೇ ಪಾಠ. ಮುಂದಣ ಘಟ್ಟಗಳಲ್ಲಿಯೂ ವಾಹನ ನಡೆಸುವುದನ್ನು ಕಲಿಸುವವಳು, ಅಡುಗೆ ಕಲಿಸುವ ಕೋಳಿ ಎಂದು ಗುರುಗಳ ಪರಂಪರೆಯೇ ನಡೆಯುತ್ತದೆ.

ಗುರು ಹೇಳಿದ್ದನ್ನು ಶಿಷ್ಯನು ಮರುನುಡಿಯುವ ಈ ಕ್ರಮವು ನಮ್ಮ ಪಾಠಶಾಲೆಗಳ ಸಂತೆಪಾಠಕ್ಕೆ ಎಷ್ಟು ಸಮೀಪವಾದುದೆಂಬುದನ್ನು ವಿವರಿಸಬೇಕಾಗಿಲ್ಲ. ಅದಕ್ಕಿಂತಲೂ ಮಿಗಿಲಾದ ಗುಣ ಒಂದಿದೆ. ಆಟಗಾರನು ಅತ್ಯುತ್ತಮವೆಂಬ ದರ್ಜೆಗೆ ಏರಿದನೆಂದರೆ ಗುರು ತೆರೆಯಿಂದ ಸರಿದುಹೋಗುತ್ತಾನೆ. ಶಿಷ್ಯನು ತಾಳವನ್ನು ಬಿಡದೆ ತನ್ನ ಮನೋಧರ್ಮದಂತೆ ನುಡಿಯಲು ಸ್ವತಂತ್ರನಾಗುತ್ತಾನೆ. ತನ್ನನ್ನು ತಾನೇ ಅನಾವಶ್ಯಕವಾಗಿಸಿಕೊಳ್ಳುವ ಗುರುವೇ ಉತ್ತಮ ಗುರುವೆಂಬ ಮಾತನ್ನು ಈ ಆಟ ನಡೆದು ತೋರಿಸಿದೆ. ದೋಷವೂ ಇಲ್ಲದಿಲ್ಲ. ದರ್ಜೆ ಇಳಿದಾಗ ಅದು ಇಳಿಯಿತೆಂದು ಮಾತ್ರ ತಿಳಿಯುತ್ತದೆ. ಅವಸರಪಟ್ಟುದರಿಂದಲೋ ತಡಮಾಡಿದುದರಿಂದಲೋ ಎಂಬುದು ತಿಳಿಯದು. ತಪ್ಪೆಂದು ಹೇಳಿ ತಪ್ಪಿನ ಬಗೆಯನ್ನು ಹೇಳದ ಗುರುವಿನ ಕೆಳಗೆ ಶಿಷ್ಯನು ಊಹೆಯಿಂದ ಕಲಿಯಬೇಕಾಗುತ್ತದೆ.

ನಾಮ್ಕೋ ಸಂಸ್ಥೆಯ ‘ಟೈಕೋ ನೋ ತಾತ್ಸುಜಿನ್’ (೨೦೦೧) ಬೇರೊಂದು ದಾರಿಯನ್ನು ಹಿಡಿಯಿತು. ಇಲ್ಲಿ ಎದುರಿಗೆ ನಿಜವಾಗಿ ಬಡಿಯತಕ್ಕ ಜಪಾನೀ ಡೋಲು ಇದೆ. ಕೆಂಪು ಗುರುತು ಬಂದರೆ ಚರ್ಮದ ನಡುವೆ, ನೀಲಿ ಗುರುತು ಬಂದರೆ ಅಂಚಿಗೆ. ಮೊದಲನೆಯದಕ್ಕೆ ‘ದೋನ್’, ಎರಡನೆಯದಕ್ಕೆ ‘ಕ’ ಎಂಬ ಉಲಿಗಳಿವೆ. ಇವು ಆಟಕ್ಕಾಗಿ ಹುಟ್ಟಿದವಲ್ಲ. ವಾದ್ಯದ ಪೆಟ್ಟನ್ನು ಬಾಯಿಂದ ನುಡಿದು ಕಲಿಸುವ ಆ ನಾಡಿನ ಹಳೆಯ ಪದ್ಧತಿಯಿಂದ ಬಂದವು. ಮೃದಂಗದ ಮೊದಲ ಪಾಠದಲ್ಲಿ ‘ತ ದಿ ತೋಂ ನಂ’ ಎಂಬ ನಾಲ್ಕು ಉಲಿಗಳನ್ನು ಕಲಿತವರಿಗೆ ಈ ಆಟದ ಪಾಠ ಅಪರಿಚಿತವೆನಿಸದು. ಜಪಾನೀ ಬಾರದ ಮಗುವೂ ಇದನ್ನು ಕ್ಷಣಮಾತ್ರದಲ್ಲಿ ಕಲಿಯುತ್ತದೆಯೆಂದರೆ ಅದಕ್ಕೆ ಕಾರಣ, ಇಲ್ಲಿಯ ಸೂಚನೆ ಭಾಷೆಯಾಗುವುದಕ್ಕೆ ಮೊದಲೇ ನಾದವಾಗಿದೆ.

೪

ಇದಕ್ಕೆ ಪ್ರತಿಯಾದ ಮಾದರಿಯೆಂದರೆ ಅಮೆರಿಕದ ಹಾರ್ಮೋನಿಕ್ಸ್ ಸಂಸ್ಥೆ ರಚಿಸಿದ ‘ಗಿಟಾರ್ ಹೀರೋ’ (೨೦೦೫). ಇದರಲ್ಲಿ ಪಾಠಭಾಗವು ಹಾಡಿನಿಂದ ಬೇರೆಯಾಗಿ ನಿಂತಿದೆ. ಗಿಟಾರಿನ ಆಕಾರದ ಸಾಧನದ ಕೊರಳಿನಲ್ಲಿ ಐದು ಬಣ್ಣದ ಗುಂಡಿಗಳು. ಒಡಲಿನ ಮೇಲೆ ಮೀಟುವ ಪಟ್ಟಿ. ಯಾವ ಗುಂಡಿಯನ್ನು ಹಿಡಿದು ಹೇಗೆ ಮೀಟಬೇಕೆಂಬುದನ್ನು ಒಂದು ಧ್ವನಿಯು ಕ್ರಮವಾಗಿ ವಿವರಿಸುತ್ತದೆ. ಅದು ಮುಗಿದ ಬಳಿಕವೇ ಹಾಡು.

ವಿವರಣೆಯು ಸ್ಪಷ್ಟವಾಗಿದೆಯೆಂಬಲ್ಲಿ ಸಂದೇಹವಿಲ್ಲ. ಕ್ರಿಯೆಯನ್ನು ಕಲಿಸುವಲ್ಲಿ ಇದು ಪೂರ್ಣವಾಗಿ ಗೆದ್ದಿದೆ. ಆದರೆ ವ್ಯಾಕರಣವನ್ನು ಓದಿದ ಮಾತ್ರಕ್ಕೆ ಮಾತು ಬಾರದಂತೆ, ಕಾಲದ ಹೊರಗೆ ನಿಂತು ಕೇಳಿದ ವಿವರಣೆ ಕಾಲದ ಒಳಗೆ ಕೈಗೆ ಒದಗುವುದಿಲ್ಲ. ಈ ಕೊರತೆಯನ್ನು ರಚನಕಾರರು ಬಲ್ಲವರಾಗಿದ್ದರೆಂಬುದಕ್ಕೆ ಆಟದ ಒಳಗೇ ಪ್ರಮಾಣಗಳಿವೆ. ಸುಲಭವಾದ ದರ್ಜೆಯಲ್ಲಿ ಮೂರು ಗುಂಡಿಗಳು, ನಡುವಣ ದರ್ಜೆಯಲ್ಲಿ ನಾಲ್ಕು, ಮೇಲಣ ದರ್ಜೆಗಳಲ್ಲಿ ಐದು. ನಿಜವಾದ ಪಾಠ ನಡೆಯುವುದು ಈ ಸೋಪಾನದಲ್ಲಿ. ಪಾಠವೆಂದು ಹೆಸರಿಟ್ಟ ಭಾಗದಲ್ಲಲ್ಲ. ೨೦೦೬ರ ಎರಡನೆಯ ಆಟದಲ್ಲಿ ಹಾಡಿನ ಬೇಕಾದ ಭಾಗವನ್ನು ನಿಧಾನಗೊಳಿಸಿ ಸಾಧನೆ ಮಾಡುವ ಅನುಕೂಲವೂ ಸೇರಿತು. ನಮ್ಮ ವಿಳಂಬಕಾಲಕ್ಕೂ ಇದಕ್ಕೂ ಹೋಲಿಕೆಯಿದ್ದರೂ ಭೇದವನ್ನು ಮರೆಯಬಾರದು. ವಿಳಂಬದಲ್ಲಿ ನಿಧಾನವನ್ನು ಹಿಡಿದಿಡುವವನು ಶಿಷ್ಯನೇ. ಇಲ್ಲಿ ಹಿಡಿದಿಡುವುದು ಯಂತ್ರ. ಯೂಬಿಸಾಫ್ಟ್ ಸಂಸ್ಥೆಯ ‘ರಾಕ್‌ಸ್ಮಿತ್’ (೨೦೧೧) ನಿಜವಾದ ಗಿಟಾರನ್ನೇ ಯಂತ್ರಕ್ಕೆ ಜೋಡಿಸಿ, ನುಡಿಸುವವನ ಸಾಮರ್ಥ್ಯವನ್ನು ನೋಡಿ ಹಾಡಿನ ನಡುವೆಯೇ ಸ್ವರಗಳನ್ನು ಹೆಚ್ಚಿಸುತ್ತ ಕುಗ್ಗಿಸುತ್ತ ಹೋಗುವ ಏರ್ಪಾಡನ್ನು ತಂದಿತು. ಪಾಠವನ್ನು ಹಾಡಿನೊಳಗೆ ಮರಳಿಸಿದ ಈ ಪ್ರಯತ್ನ ಅಭಿನಂದನೀಯ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಆಟಗಳಲ್ಲಿ ಗುರುತುಗಳು ತೆರೆಯ ಮೇಲೆ ಹರಿದುಬಂದು ಒಂದು ಗೆರೆಯನ್ನು ಮುಟ್ಟುತ್ತವೆ. ಮುಟ್ಟಿದ ಕ್ಷಣವೇ ಕ್ರಿಯೆಯ ಕ್ಷಣ. ಎರಡು ಗುರುತುಗಳ ನಡುವೆ ಆಟಗಾರನಿಗೆ ಮಾಡತಕ್ಕದ್ದು ಏನೂ ಇಲ್ಲ, ನೋಡುತ್ತಿದ್ದರೆ ಸಾಕು. ಕಣ್ಣು ಕಾಲವನ್ನು ಅಳೆಯುತ್ತದೆ, ಕೈ ಕಣ್ಣಿನ ಆಜ್ಞೆಯನ್ನು ಪಾಲಿಸುತ್ತದೆ, ಕಿವಿ ಬರಿಯ ಸಾಕ್ಷಿಯಾಗಿ ಉಳಿಯುತ್ತದೆ. ಆದಿತಾಳದ ಎಂಟು ಅಕ್ಷರಗಳಲ್ಲಿ ಐದನ್ನು ಮೌನವಾಗಿ ದಾಟಿಸುವ ಕೆಲಸ ಯಾವುದಿತ್ತೋ ಅದನ್ನು ಇಲ್ಲಿ ತೆರೆಯೇ ವಹಿಸಿಕೊಂಡಿದೆ. ಕ್ರಿಯೆ ಬಂದಿತು, ಕಾಲವೂ ಬಂದಿತು. ಲಯ ಮಾತ್ರ ಯಂತ್ರದಲ್ಲಿಯೇ ಉಳಿಯಿತು.

೫

ಈ ಮೂರನೆಯ ಪ್ರಶ್ನೆಗೆ ಉತ್ತರ ಕೊಡಲು ಹೊರಟ ಆಟಗಳು ವಿರಳ. ಅವುಗಳಲ್ಲಿ ಅಗ್ರಸ್ಥಾನ ನಿಂಟೆಂಡೊ ಸಂಸ್ಥೆಯ ‘ರಿದಮ್ ತೆಂಗೋಕು’ (೨೦೦೬) ಮತ್ತು ಅದರ ಮುಂದಿನ ಆಟಗಳಿಗೆ ಸಲ್ಲಬೇಕು. ಗೀತಕಾರನೂ ಗಾಯಕನೂ ಆದ ತ್ಸುಂಕು ಎಂಬವನು ಇದರ ಮೂಲ ಕಲ್ಪನೆಯನ್ನು ಕೊಟ್ಟವನು. ಇದರಲ್ಲಿ ಹರಿದುಬರುವ ಗುರುತುಗಳಿಲ್ಲ. ಒಂದೊಂದು ಕಿರಿಯ ಆಟಕ್ಕೂ ಮೊದಲು ಒಂದು ಕಿರಿಯ ಅಭ್ಯಾಸವಿದೆ. ಅಲ್ಲಿ ತಾಳ ಮೊದಲೇ ನಡೆಯುತ್ತಿರುತ್ತದೆ, ಸೂಚನೆ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಚಪ್ಪಾಳೆ ತಟ್ಟುವ ಮೂವರು ಸಾಲಾಗಿ ನಿಂತಿರುವ ಆಟವೊಂದನ್ನು ನೋಡಬಹುದು. ಮೊದಲನೆಯವನೂ ಎರಡನೆಯವನೂ ಒಬ್ಬರ ಬಳಿಕ ಒಬ್ಬರು ತಟ್ಟುತ್ತಾರೆ, ಮೂರನೆಯವನು ಆಟಗಾರ. ಅವರಿಬ್ಬರ ನಡುವೆ ಎಷ್ಟು ಅಂತರವಿತ್ತೋ ಅಷ್ಟೇ ಅಂತರವನ್ನು ಬಿಟ್ಟು ಅವನು ತಟ್ಟಬೇಕು. ತಟ್ಟುವುದು ಸುಲಭ, ಅಂತರವನ್ನು ಹೊರುವುದು ಕಷ್ಟ. ಪಾಠದ ವಸ್ತು ಪೆಟ್ಟಲ್ಲ, ಅಂತರ.

೨೦೦೮ರಲ್ಲಿ ಬಂದ ಮುಂದಿನ ಆಟದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಪಾಠವೊಂದಿದೆ. ಮೇಳಗೀತದ ಮೂವರು ಹಾಡುಗಾರರಲ್ಲಿ ಕೊನೆಯವನು ಆಟಗಾರ. ಲೇಖನಿಯಂತಹ ಕಡ್ಡಿಯನ್ನು ತೆರೆಗೆ ಒತ್ತಿ ಹಿಡಿದಿರುವಷ್ಟು ಹೊತ್ತು ಅವನ ಬಾಯಿ ಮುಚ್ಚಿರುತ್ತದೆ. ಕಡ್ಡಿಯನ್ನು ಎತ್ತಿದೊಡನೆ ಹಾಡು ಹೊರಡುತ್ತದೆ. ಉಳಿದ ತಾಳದಾಟಗಳಲ್ಲಿ ಶಬ್ದಕ್ಕೆ ಶ್ರಮ, ಮೌನಕ್ಕೆ ವಿಶ್ರಾಂತಿ. ಇಲ್ಲಿ ಮೌನಕ್ಕೆ ಶ್ರಮ. ಕೈ ಬಿಟ್ಟರೆ ಅಪಸ್ವರ. ನಿಶ್ಶಬ್ದ ಕ್ರಿಯೆಯೆಂದು ನಮ್ಮ ತಾಳಶಾಸ್ತ್ರ ಕರೆದುದನ್ನು ಆ ಶಾಸ್ತ್ರದ ಗಂಧವಿಲ್ಲದ ಜನರು ಆಟಿಕೆಯೊಂದರಲ್ಲಿ ಸ್ವತಂತ್ರವಾಗಿ ಕಂಡುಕೊಂಡಿರುವುದು ನಿಜವಾಗಿ ಸಂತೋಷದ ಸಂಗತಿ. ಇದೇ ಆಟದಲ್ಲಿ ಮೂರು ಸಲ ಸೋತವನನ್ನು ಕಾಫಿಯಂಗಡಿಯವನೊಬ್ಬ ಸಮಾಧಾನಪಡಿಸಿ ಮುಂದಿನ ಆಟಕ್ಕೆ ದಾಟಿಸುತ್ತಾನೆ. ಕಠಿಣವಾದ ಪಾಠಕ್ಕೆ ಇಂತಹ ದಯೆಯ ಬಾಗಿಲು ಅಗತ್ಯ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಆಟವಿರುವುದು ವಿನೋದಕ್ಕೆ, ಅದರಿಂದ ಲಯಜ್ಞಾನವನ್ನು ನಿರೀಕ್ಷಿಸುವುದು ಅನ್ಯಾಯವಲ್ಲವೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಈ ಅಳತೆಯನ್ನು ಹೊರಗಿನಿಂದ ಹೇರಲಾಗಿಲ್ಲ. ತಾಳದ ವಿನೋದವೆಂಬುದು, ಬರಲಿರುವ ಪೆಟ್ಟನ್ನು ಒಳಗೇ ಕಾದು ಅದನ್ನು ಸರಿಯಾಗಿ ಸಂಧಿಸುವ ವಿನೋದವೇ. ಕಾಯುವಿಕೆಯನ್ನು ಕಳೆದುಕೊಂಡ ಆಟ ವಿನೋದವನ್ನೂ ಅಷ್ಟರಮಟ್ಟಿಗೆ ಕಳೆದುಕೊಂಡಿದೆ.

೬

ಕೊನೆಯದಾಗಿ, ಮೊದಲ ಪಾಠಕ್ಕೂ ಮೊದಲು ಬರುವ ಒಂದು ಕ್ರಿಯೆಯನ್ನು ಹೇಳದೆ ವಿಷಯ ಪೂರ್ಣವಾಗದು. ಈಚಿನ ದೂರದರ್ಶನ ಪೆಟ್ಟಿಗೆಗಳಲ್ಲಿ ಚಿತ್ರವು ಕೈಯ ಕ್ರಿಯೆಗಿಂತ ಸ್ವಲ್ಪ ತಡವಾಗಿ ಮೂಡುತ್ತದೆ, ನಾದವೂ ಹಾಗೆಯೇ. ತಾಳದಾಟದಲ್ಲಿ ಇಷ್ಟು ವಿಳಂಬವೂ ಘಾತಕ. ಆದಕಾರಣ ಹಲವು ಆಟಗಳು ಮೊದಲು ಈ ಅಂತರವನ್ನು ಅಳೆದು ಸರಿಪಡಿಸಿಕೊಳ್ಳುತ್ತವೆ. ‘ರಾಕ್ ಬ್ಯಾಂಡ್’ ಎರಡನೆಯ ಆಟದ (೨೦೦೮) ಗಿಟಾರಿನಲ್ಲಿ ಬೆಳಕನ್ನೂ ಸದ್ದನ್ನೂ ಗ್ರಹಿಸುವ ಸಾಧನವನ್ನೇ ಅಳವಡಿಸಿ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲಾಯಿತು. ತಂಬೂರಿಯ ಶ್ರುತಿ ಸೇರಿಸದೆ ಪಾಠಕ್ಕೆ ಕೂಡದ ಗುರುವಿನ ಶಿಸ್ತು ಇದು.

ಬೇಲಾಪುರದ ಮನೆಗಳಿಗೆ ಈ ಸಂಗತಿ ನೇರವಾಗಿ ತಟ್ಟುತ್ತದೆ. ೨೦೨೦ರ ಮಹಾಮಾರಿಯ ಕಾಲದಿಂದ ಎಷ್ಟೋ ಸಂಗೀತ ಪಾಠಗಳು ಕಿರುತೆರೆಯ ಮೂಲಕ ನಡೆಯತೊಡಗಿದವು; ಊರಿನ ಗುರುವಿಗೂ ಮುಂಬಯಿಯ ಶಿಷ್ಯನಿಗೂ ಅದರಿಂದ ಸಂಬಂಧ ಉಳಿಯಿತು. ಆದರೆ ಅಲ್ಲಿಯೂ ಅದೇ ವಿಳಂಬ. ಗುರು ಶಿಷ್ಯರು ಕೂಡಿ ತಾಳ ಹಾಕಿದರೆ ಇಬ್ಬರಿಗೂ ಇನ್ನೊಬ್ಬನ ಕೈ ತಪ್ಪಿದಂತೆ ತೋರುತ್ತದೆ; ಶಿಷ್ಯನ ತಪ್ಪು ಯಾವುದು, ತಂತಿಯ ತಪ್ಪು ಯಾವುದೆಂದು ತಿಳಿಯದೆ ಗುರು ತಾಳವನ್ನೇ ಕೈಬಿಟ್ಟು ಸ್ವರವನ್ನು ಮಾತ್ರ ತಿದ್ದುವ ಅಪಾಯವಿದೆ. ಈ ಸಂಕಟಕ್ಕೆ ತಾಳದಾಟಗಳು ಉತ್ತರವನ್ನು ಒದಗಿಸಿವೆ. ಜೊತೆಯಾಗಿ ಹಾಡದೆ, ಗುರು ಒಂದು ಸಾಲನ್ನು ಹೇಳಿ ನಿಲ್ಲಿಸಿ ಶಿಷ್ಯನು ಅದನ್ನು ಮರುನುಡಿಯುವ ಈರುಳ್ಳಿ ಗುರುವಿನ ಕ್ರಮವು ವಿಳಂಬವನ್ನು ಸಹಿಸುತ್ತದೆ. ನಡುವಣ ಅಕ್ಷರಗಳನ್ನು ತೆರೆಯ ನೆರವಿಲ್ಲದೆ ತೊಡೆಯ ಮೇಲೆ ಎಣಿಸುವ ಹಳೆಯ ಕ್ರಮವು ಅದನ್ನು ಗೆಲ್ಲುತ್ತದೆ.

ತಾಳದಾಟಗಳು ಕಲಿಸುವುದಿಲ್ಲವೆಂದು ಹೇಳುವುದು ತಪ್ಪು. ಅವು ಬಹು ಚೆನ್ನಾಗಿ ಕಲಿಸುತ್ತವೆ. ಅವುಗಳಲ್ಲಿ ಬಹುಪಾಲು ಪೆಟ್ಟನ್ನು ಕಲಿಸುತ್ತವೆ, ಕೆಲವು ಮಾತ್ರ ಪೆಟ್ಟಿನ ನಡುವಣ ಕಾಲವನ್ನು ಕಲಿಸುತ್ತವೆ. ಈ ಭೇದವನ್ನು ಹಿರಿಯರು ಬಲ್ಲವರಾದರೆ, ಸಂಜೆಯ ಹೊತ್ತು ಆಟದಿಂದ ಪಾಠಕ್ಕೂ ಪಾಠದಿಂದ ಆಟಕ್ಕೂ ಓಡಾಡುವ ಆ ಪುಟ್ಟ ಕೈಗೆ ಎರಡು ಕಡೆಯ ಲಾಭವೂ ದೊರೆಯುವುದು.