ಓಟ ಮುಗಿದ ಮೇಲೆ ಅಳ್ಳೆ ನೋಡಿ

ದೀಪಾವಳಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ಸೀಮೆಯಲ್ಲಿ ಹೋರಿ ಹಬ್ಬದ ಕಾಲ. ಕೊರಳಲ್ಲಿ ಕೊಬ್ಬರಿ ಸರ, ಕೊಂಬಿಗೆ ಬಲೂನು, ಮೈಮೇಲೆ ಜೂಲ. ಹೋರಿ ಅಖಾಡಕ್ಕೆ ನುಗ್ಗಿದೊಡನೆ ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಹೊಸಬರ ಕಣ್ಣು ಅಲ್ಲೇ ನಿಂತುಬಿಡುತ್ತದೆ. ನೀವು ಓಟ ಮುಗಿಯುವ ತುದಿಗೆ ಹೋಗಿ, ಬೇಲಿಯಾಚೆ ನಿಲ್ಲಿ. ಮಾಲೀಕ ಹಗ್ಗ ಹಿಡಿದ ಮೇಲೆ ಹೋರಿ ಉಸಿರು ಸುಧಾರಿಸಿಕೊಳ್ಳುವ ಬಗೆಯಲ್ಲಿ ಅದರ ಕಸುವೂ ಸಾಕಿದವರ ಆರೈಕೆಯೂ ಕಾಣುತ್ತವೆ.

ಮೊದಲು ಅಳ್ಳೆ ನೋಡಿ. ಪಕ್ಕೆಲುಬಿನ ಹಿಂದಿನ ಆ ಗುಳಿ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಹಾಯಾಗಿ ನಿಂತ ದನ ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡುತ್ತದೆ. ಓಡಿ ಬಂದಾಗ ಅದು ಎಷ್ಟೋ ಪಟ್ಟು ಏರುವುದು ಸಹಜ. ಆ ಮೊದಲ ಎಣಿಕೆಯಿಂದಲೇ ಯಾವ ಹೋರಿಯನ್ನೂ ಅಳೆಯಬೇಡಿ. 5 ನಿಮಿಷ ಬಿಟ್ಟು ಎಣಿಸಿ, 10 ನಿಮಿಷಕ್ಕೆ ಮತ್ತೆ ಎಣಿಸಿ. ಒಂದೇ ಸಮನೆ ಇಳಿಯುತ್ತ ಬಂದರೆ ಅದು ಪಳಗಿದ ಮೈ. ಆದರೆ ಹಲಗೆ, ಪಟಾಕಿ, ಜನರ ಕೂಗಿಗೆ ಬೆದರಿದ ಹೋರಿಯೂ ಬುಸುಗುಡುತ್ತಲೇ ಇರುತ್ತದೆ. ದಣಿವೋ ಹೆದರಿಕೆಯೋ ತಿಳಿಯಬೇಕಾದರೆ ಗದ್ದಲದಿಂದ ದೂರ, ನೆರಳಿಗೆ ಕಟ್ಟಿದ ಮೇಲೆ ನೋಡಬೇಕು.

ಕುದುರೆಗಳ ದೂರದ ಓಟದಲ್ಲಿ ಹೀಗೆ ಚೇತರಿಕೆ ನೋಡುವುದೇ ನಿಯಮವಾಗಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ತಪಾಸಣೆಯಲ್ಲಿ ನಿಗದಿತ ಹೊತ್ತಿನೊಳಗೆ ನಾಡಿಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಆ ಕುದುರೆಯ ಓಟ ಅಲ್ಲಿಗೇ ಮುಗಿಯಿತು. ನಮ್ಮ ಪ್ರತಿ ಅಖಾಡದ ತುದಿಯಲ್ಲೂ ಪಶುವೈದ್ಯರ ಅಂಥ ತಪಾಸಣೆ ಇರಲೇಬೇಕು. ಹೋರಿಯ ನಾಡಿ ಬಾಲದ ಬುಡದಡಿ ಸಿಗುತ್ತದೆ. ಅಲ್ಲಿಗೆ ಕೈಹಾಕುವುದು ಮಾತ್ರ ಪರಿಚಿತರ ಕೆಲಸ.

ಆಮೇಲೆ ಬಾಯಿ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಿದ್ದರೆ ನಿಶ್ಚಿಂತೆ. ಜೊಲ್ಲು ಇಳಿಯತೊಡಗಿದರೆ ಮೈ ಕಾದಿದೆ. ಬಾಯಿ ತೆರೆದರೆ ಇನ್ನೂ ಕಾದಿದೆ. ಹಳ್ಳಿಕಾರ್, ಅಮೃತಮಹಲ್‌ನಂಥ ಡುಬ್ಬದ ತಳಿಗಳು ವಿದೇಶಿ ತಳಿಗಳಿಗಿಂತ ಬಿಸಿಲು ಚೆನ್ನಾಗಿ ತಾಳುತ್ತವೆ. ಅಂಥ ಹೋರಿಯೇ ಕತ್ತು ಚಾಚಿ ನಾಲಿಗೆ ಹೊರಹಾಕಿತೆಂದರೆ ಅದು ಅಪಾಯದ ಅಂಚಿಗೆ ಬಂದಿದೆ. ಎಷ್ಟೇ ಹೆಸರುವಾಸಿ ಹೋರಿಯಾಗಿರಲಿ, ಆ ದಿನ ಮತ್ತೆ ಓಡಿಸಬಾರದು. ನೆರಳಿಗೆ ಕಟ್ಟಿ, ಮೈಗೆ ನೀರು ಹೊಯ್ದು, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿ.