ಮುದ್ರಕನೇ ಕರ್ತೃವೇ? ‘ದಿ ಪೀಸ್ ಮೇಕರ್’ ಕರ್ತೃತ್ವವಿಚಾರ

ರಾಜಾಜಿನಗರ, ವಿಜಯನಗರಗಳ ಮನೆಬಾಗಿಲಿಗೆ ಬರುವ ಸುವಾರ್ತಾ ಕರಪತ್ರಗಳ ಅಡಿಯಲ್ಲಿ ಮುದ್ರಣಾಲಯದ ಹೆಸರಿರುತ್ತದೆ. ಅದನ್ನು ಬರೆದವನ ಹೆಸರೆಂದು ನಾವು ಓದುವುದಿಲ್ಲ. ಆದರೆ 1842ರಲ್ಲಿ ಅಮೆರಿಕದ ನೌವೂ ಪಟ್ಟಣದಲ್ಲಿ ಅಚ್ಚಾಗಿ, ಬಹುಪತ್ನೀತ್ವವನ್ನು ಸಮರ್ಥಿಸಿದ ‘ದಿ ಪೀಸ್ ಮೇಕರ್’ ಎಂಬ ಕಿರುಹೊತ್ತಗೆಯನ್ನು ಹಲವರು ಹಾಗೆಯೇ ಓದಿದ್ದಾರೆ. ಮುಖಪುಟದಲ್ಲಿ ಕರ್ತೃ ಉಡ್ನಿ ಹೇ ಜೇಕಬ್, ಮುದ್ರಕ ಜೆ. ಸ್ಮಿತ್, ಅಂದರೆ ಮಾರ್ಮನ್ ಪ್ರವಾದಿ ಜೋಸೆಫ್ ಸ್ಮಿತ್.

ಜನರ ಮನಸ್ಸನ್ನು ಪರೀಕ್ಷಿಸಲು ಸ್ಮಿತ್ ತಾನೇ ಇದನ್ನು ಬರೆಸಿದನೆಂದು ಜಾನ್ ಡಿ. ಲೀ ಹೇಳಿದನು. ಆ ಮಾತು ಅಚ್ಚಾದುದು 1877ರಲ್ಲಿ, 35 ವರ್ಷಗಳ ತರುವಾಯ. ಇತ್ತ ಸ್ಮಿತ್, 1842ರ ಡಿಸೆಂಬರಿನಲ್ಲಿಯೇ ‘ಟೈಮ್ಸ್ ಅಂಡ್ ಸೀಸನ್ಸ್’ ಪತ್ರಿಕೆಯಲ್ಲಿ, ತನಗೆ ತಿಳಿಯದೆ ಅದು ಅಚ್ಚಾಯಿತೆಂದು ಕೈತೊಳೆದುಕೊಂಡನು. ಆದರೆ ಆ ಹೊತ್ತಿಗೆ ಅವನೇ ಗುಪ್ತವಾಗಿ ಬಹುಪತ್ನೀತ್ವವನ್ನು ಆಚರಿಸುತ್ತಿದ್ದುದರಿಂದ, ಈ ನಿರಾಕರಣೆಯೊಂದನ್ನೇ ನೆಚ್ಚಲಾಗದು.

ಆದುದರಿಂದ ಕೃತಿಯನ್ನೇ ಕೇಳಬೇಕು. ಲೇಖಕನು ಮಾರ್ಮನ್ನನಲ್ಲವೆಂದು ಮುನ್ನುಡಿಯೇ ಸಾರುತ್ತದೆ. ವಾದವು ಮೋಶೆಯ ಧರ್ಮಶಾಸ್ತ್ರ, ಗಂಡನ ಶಿರಸ್ತ್ವ, ವಿವಾಹವಿಚ್ಛೇದನಗಳ ಮೇಲೆ ನಿಂತಿದೆ. 1843ರ ಜುಲೈ 12ರಂದು ಸ್ಮಿತ್ ಬರೆಯಿಸಿದ ‘ಪ್ರಕಟನೆ’ಯಾದರೋ ಯಾಜಕತ್ವದ ಅಧಿಕಾರ, ನಿತ್ಯವಾದ ವಿವಾಹಬಂಧ, ಹೊಸ ಒಡಂಬಡಿಕೆಗಳನ್ನು ಆಧಾರವಾಗಿ ಹಿಡಿಯುತ್ತದೆ. ಫಲ ಒಂದೇ, ಬೇರು ಬೇರೆ. ಜೇಕಬನೇ ಕರ್ತೃವೆಂಬುದು ನಮ್ಮ ನಿರ್ಣಯ.

ಹಾಗಾದರೆ ಸ್ಮಿತ್‌ನ ಸಮ್ಮತಿಯ ಮಾತೇನು? ಕನ್ನಡ ವಿಮರ್ಶೆಗೆ ಈ ಭೇದ ಹೊಸದಲ್ಲ. ‘ಕವಿರಾಜಮಾರ್ಗ’ವನ್ನು ನೃಪತುಂಗನದೆಂದು ಎಣಿಸಿದ್ದವರ ಎದುರು, ಅದರಲ್ಲಿ ಬರುವ ‘ಅನುಮತ’ ಎಂಬ ಪದವನ್ನು ಹಿಡಿದು, ಒಪ್ಪಿಗೆ ಅರಸನದು, ರಚನೆ ಶ್ರೀವಿಜಯನದು ಎಂದು ವಿದ್ವಾಂಸರು ವಾದಿಸಿದರು. ಅನುಮತಿ ಸಿದ್ಧವಾದರೂ ಕರ್ತೃತ್ವ ಸಿದ್ಧವಾಗದು. ಇಲ್ಲಿ ಅನುಮತಿಗೂ ಇರುವುದು ತಡವಾಗಿ ಬಂದ ಒಂದು ಸಾಕ್ಷ್ಯ ಮತ್ತು ಮುದ್ರಣಾಲಯದ ಹೆಸರು ಮಾತ್ರ.

ಬಹುಪತ್ನೀತ್ವದ ಬೋಧನೆಯನ್ನು ನಾವು ಒಪ್ಪುವುದಿಲ್ಲ. ಸ್ಮಿತ್‌ನನ್ನು ಖಂಡಿಸಲು 1843ರ ಅವನ ಸ್ವಂತ ಮಾತೇ ಸಾಕು. ಪರರ ಮಾತನ್ನು ಅವನ ಬಾಯಲ್ಲಿ ಇಡಬೇಕಾಗಿಲ್ಲ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯು ನಮಗೆ ಒಪ್ಪಿಗೆಯಾದ ನೆರೆಯವನಿಗಷ್ಟೇ ಸಲ್ಲತಕ್ಕದ್ದಲ್ಲ. ಬೋಧಪೀಠದಿಂದ ಈ ಹೊತ್ತಗೆಯನ್ನು ಹೆಸರಿಸುವ ನಮ್ಮ ಸಹಸೇವಕರು ಅದನ್ನು ಜೇಕಬನದೆಂದೇ ಹೆಸರಿಸಲಿ.